ಸವೆದ ಸಂಖ್ಯೆಯನ್ನು ಮತ್ತೆ ಕೆತ್ತಬಹುದೇ?

ಮಳೆಯಲ್ಲಿ ನೆನೆದ ಧಾನ್ಯದ ರಾಶಿಯ ಪ್ರಸಂಗವನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲ್ಭಾಗ ಒಣಗಿತ್ತು, ಒಳಗೆ ಬೆರಳಿಗೆ ತೇವ ತಾಗಿತು. ಕಾರಣ ಕೇಳಿದಾಗ ಮಳೆ ಬಿದ್ದಿತೆಂದು ಆತ ಹೇಳಿದ. ಮಳೆ ಬಿದ್ದುದಕ್ಕಾಗಿ ಪ್ರವಾದಿ(ಸ)ರು ಆತನನ್ನು ದೂಷಿಸಲಿಲ್ಲ. ನೆನೆದ ಭಾಗವನ್ನು ಜನರ ಕಣ್ಣಿಗೆ ಬೀಳುವಂತೆ ಮೇಲಕ್ಕೆ ಏಕೆ ಇಡಲಿಲ್ಲ ಎಂದು ವಿಚಾರಿಸಿದರು. ವಂಚಿಸುವವನು ನಮ್ಮವನಲ್ಲ ಎಂಬ ಗಂಭೀರವಾದ ಎಚ್ಚರಿಕೆ ಬಂದುದು ಈ ಸಂದರ್ಭದಲ್ಲಿಯೇ. ಕಾಲದಿಂದ, ಹವೆಯಿಂದ, ಬಳಕೆಯಿಂದ ವಸ್ತುವಿಗೆ ಬರುವ ಊನವು ಯಾರ ಪಾಪವೂ ಅಲ್ಲ. ಆ ಊನದ ಮೇಲೆ ಒಣಗಿದ ಧಾನ್ಯವನ್ನು ಹರಡುವುದು ಮಾತ್ರ ಪಾಪ.

ಈ ಪಾಠವನ್ನು ನಾವು ಸಾಮಾನ್ಯವಾಗಿ ಅಕ್ಕಿಯ ಅಂಗಡಿಗೂ ಹಾಲಿನ ವ್ಯಾಪಾರಕ್ಕೂ ಅನ್ವಯಿಸಿ ಸುಮ್ಮನಾಗುತ್ತೇವೆ. ಈ ಲೇಖನದಲ್ಲಿ ಅದನ್ನು ಬಹಳ ಸಣ್ಣದೊಂದು ಜಾಗಕ್ಕೆ, ಅಂದರೆ ದುಬಾರಿ ಕೈಗಡಿಯಾರವೊಂದರ ಕೇಸ್‌ನ ಮೇಲೆ ಕೆತ್ತಿರುವ ಕೆಲವೇ ಮಿಲಿಮೀಟರ್ ಉದ್ದದ ಕ್ರಮಸಂಖ್ಯೆಗೆ, ಅನ್ವಯಿಸಿ ನೋಡೋಣ. ಆ ಸಂಖ್ಯೆ ಸವೆದು ಮಸುಕಾದಾಗ ಅದನ್ನು ಮತ್ತೆ ಸ್ಪಷ್ಟವಾಗಿ ಕೆತ್ತಿಸಬಹುದೇ? ಕೆತ್ತಿಸಿದರೆ ಅದು ದುರಸ್ತಿಯೇ, ವಂಚನೆಯೇ?

ಲಕ್ಷಗಟ್ಟಲೆ ಬೆಲೆಯ ಗಡಿಯಾರಗಳ ಚರ್ಚೆ ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ವ್ಯಾಪಾರ ನಮ್ಮಿಂದ ದೂರವಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದಶಕಗಳ ಕಾಲ ದುಡಿದ ಹಿರಿಯರು ಕರಾವಳಿಯ ಮನೆಗಳಿಗೆ ತಂದ ವಸ್ತುಗಳಲ್ಲಿ ಕೈಗಡಿಯಾರಕ್ಕೆ ಒಂದು ವಿಶೇಷ ಸ್ಥಾನವಿತ್ತು. ಹೆಚ್ಚಿನವು ಸಾಧಾರಣ ಬೆಲೆಯವು. ಅಪರೂಪಕ್ಕೆ ಮಾಲಿಕರು ಮೆಚ್ಚಿ ಕೊಟ್ಟ ಒಮೆಗಾ ಅಥವಾ ರೋಲೆಕ್ಸ್ ಕೂಡಾ ಇರುತ್ತಿತ್ತು. ಅವು ಇಂದು ಮಕ್ಕಳ, ಮೊಮ್ಮಕ್ಕಳ ಕೈ ಸೇರಿವೆ. ಹಳೆಯ ಗಡಿಯಾರಗಳಿಗೆ ಜಾಗತಿಕ ಮಾರುಕಟ್ಟೆಯಲ್ಲಿ ಬೆಲೆ ಏರಿರುವುದರಿಂದ ಅವುಗಳನ್ನು ಮಾರುವವರೂ ಕೊಳ್ಳುವವರೂ ನಮ್ಮಲ್ಲಿದ್ದಾರೆ. ಗಡಿಯಾರ ದುರಸ್ತಿಯನ್ನೇ ಕಸುಬಾಗಿಸಿಕೊಂಡ ಸಹೋದರರಂತೂ ಊರೂರಲ್ಲಿದ್ದಾರೆ. ಆದ್ದರಿಂದ ಪ್ರಶ್ನೆ ನಮ್ಮದೇ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಸ್ವಿಸ್ ಗಡಿಯಾರ ಕಂಪೆನಿಗಳೆಲ್ಲವೂ ಸಂಖ್ಯೆಯನ್ನು ಒಂದೇ ಸ್ಥಳದಲ್ಲಿ ಕೆತ್ತುವುದಿಲ್ಲ. ಪಾಟೆಕ್ ಫಿಲಿಪ್ ಗಡಿಯಾರದಲ್ಲಿ ಒಳಗಿನ ಮಷೀನ್‌ಗೆ ಒಂದು ಸಂಖ್ಯೆ, ಕೇಸ್‌ಗೆ ಇನ್ನೊಂದು ಸಂಖ್ಯೆ ಇರುತ್ತದೆ. ಹಳೆಯ ಒಮೆಗಾದಲ್ಲಿ ಸಂಖ್ಯೆ ಮಷೀನ್‌ನ ಮೇಲಿರುತ್ತದೆ. ಇವು ಮುಚ್ಚಳದ ಒಳಗೆ ಸುರಕ್ಷಿತವಾಗಿರುವುದರಿಂದ ಸುಲಭವಾಗಿ ಸವೆಯುವುದಿಲ್ಲ. ಹಳೆಯ ರೋಲೆಕ್ಸ್ ಆಯ್ಸ್ಟರ್ ಕೇಸ್‌ನಲ್ಲಿ ಮಾತ್ರ ಸಂಖ್ಯೆ ಕೇಸ್‌ನ ಹೊರಮೈಯಲ್ಲಿದೆ. ಚೈನ್ ಕೂಡಿಸಲು ಕೇಸ್‌ನ ಎರಡು ತುದಿಗಳಲ್ಲಿ ಕೊಂಬಿನಂತೆ ಚಾಚಿರುವ ಭಾಗಗಳನ್ನು ಲಗ್ ಎನ್ನುತ್ತಾರೆ. ಹನ್ನೆರಡು ಗಂಟೆಯ ಕಡೆಯ ಲಗ್‌ಗಳ ನಡುವೆ ಮಾದರಿಯ ಸಂಖ್ಯೆಯೂ, ಆರು ಗಂಟೆಯ ಕಡೆಯ ಲಗ್‌ಗಳ ನಡುವೆ ಆ ಗಡಿಯಾರದ್ದೇ ಆದ ಕ್ರಮಸಂಖ್ಯೆಯೂ ಇರುತ್ತವೆ. ಚೈನ್ ಕಳಚದೆ ಅವುಗಳನ್ನು ಓದಲಾಗದು.

ಸವೆತಕ್ಕೆ ಕಾರಣವೂ ಈ ಸ್ಥಾನವೇ. ಚೈನ್‌ನ ಕೊನೆಯ ತುಂಡು ಕೇಸ್‌ಗೆ ಒತ್ತಿಕೊಂಡು ಕೂತಿದ್ದರೂ ತುಸು ಅಲುಗಾಡುತ್ತಲೇ ಇರುತ್ತದೆ. ಆ ಸಂದಿನಲ್ಲಿ ಬೆವರು, ಧೂಳು, ಮರಳಿನ ಕಣಗಳು ಸೇರಿಕೊಳ್ಳುತ್ತವೆ. ಇಪ್ಪತ್ತು ಮೂವತ್ತು ವರ್ಷಗಳ ಕಾಲ ದಿನವಿಡೀ ನಡೆಯುವ ಈ ಉಜ್ಜಾಟಕ್ಕೆ ಅಂಕಿಗಳ ಅಂಚು ಕರಗುತ್ತದೆ. ಉಪ್ಪಿನ ತೇವ ನಿಂತಲ್ಲಿ ಉಕ್ಕಿನಲ್ಲಿಯೂ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಇದರ ಮೇಲೆ, ಹೊಳಪಿಗಾಗಿ ಪದೇ ಪದೇ ಪಾಲಿಶ್ ಮಾಡಿಸಿದರೆ ಉಳಿದುದೂ ಹೋಗುತ್ತದೆ. 2005ರ ಸುಮಾರಿನಿಂದ ರೋಲೆಕ್ಸ್ ಕಂಪೆನಿ ಕ್ರಮಸಂಖ್ಯೆಯನ್ನು ಗಾಜಿನ ಒಳಗೆ ಡಯಲ್‌ನ ಸುತ್ತ ಇರುವ ಲೋಹದ ಉಂಗುರದ ಮೇಲೂ ಕೆತ್ತತೊಡಗಿತು. ಕೆಲವೇ ವರ್ಷಗಳಲ್ಲಿ ಲಗ್‌ಗಳ ನಡುವಿನ ಕ್ರಮಸಂಖ್ಯೆಯ ಪದ್ಧತಿ ನಿಂತುಹೋಯಿತು. ಹಾಗಾಗಿ ನಮ್ಮ ಚರ್ಚೆ ಮುಖ್ಯವಾಗಿ ಅದಕ್ಕೂ ಹಿಂದಿನ ಗಡಿಯಾರಗಳ ಕುರಿತಾದುದು.

ಈ ಸಂಖ್ಯೆಗೆ ಅಷ್ಟೊಂದು ಬೆಲೆ ಏಕೆ? ಮೊದಲನೆಯದಾಗಿ, ಗಡಿಯಾರ ತಯಾರಾದ ಕಾಲವನ್ನು ಅಂದಾಜಿಸಲು ಅದು ನೆರವಾಗುತ್ತದೆ. ಎರಡನೆಯದಾಗಿ, ಖರೀದಿಯ ಕಾಗದಪತ್ರವೂ ಗಡಿಯಾರವೂ ಒಂದಕ್ಕೊಂದು ಸೇರಿದವೇ ಎಂಬುದನ್ನು ಅದು ತೋರಿಸುತ್ತದೆ. ಮೂರನೆಯದಾಗಿ, ಇದು ಅತ್ಯಂತ ಮುಖ್ಯವಾದುದು, ಕಳವಾದ ಗಡಿಯಾರವನ್ನು ಅದರ ಒಡೆಯನಿಗೆ ಮರಳಿ ತಲುಪಿಸುವ ದಾರಿ ಅದೊಂದೇ. ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರ್ ಸಂಸ್ಥೆಯು ‘ದಿ ವಾಚ್ ರಿಜಿಸ್ಟರ್’ ಎಂಬ ಹೆಸರಿನಲ್ಲಿ ಕಳವಾದ ಗಡಿಯಾರಗಳ ದಾಖಲೆಯನ್ನಿಟ್ಟಿದೆ. ಹಳೆಯ ಗಡಿಯಾರ ಕೊಳ್ಳುವ ವ್ಯಾಪಾರಿಗಳು ಮೊದಲು ಸಂಖ್ಯೆಯನ್ನು ಅಂತಹ ದಾಖಲೆಗಳಲ್ಲಿ ಹುಡುಕಿ ನೋಡುತ್ತಾರೆ. ಸಂಖ್ಯೆ ಓದಲಾಗದಿದ್ದರೆ ಹುಡುಕುವಂತಿಲ್ಲ. ಆಗ ಅನುಮಾನ ಹುಟ್ಟುತ್ತದೆ, ಬೆಲೆ ಇಳಿಯುತ್ತದೆ. ಸವೆದ ಸಂಖ್ಯೆಯನ್ನು ಮತ್ತೆ ಕೆತ್ತಿಸುವ ಆಸೆ ಹುಟ್ಟುವುದು ಈ ಇಳಿದ ಬೆಲೆಯಿಂದಲೇ.

‘ಸಂಖ್ಯೆಯನ್ನು ಮರಳಿ ಪಡೆಯುವುದು’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಒಂದು, ಸವೆದುದನ್ನು ಓದುವುದು. ಇನ್ನೊಂದು, ಸವೆದಲ್ಲಿ ಹೊಸದಾಗಿ ಬರೆಯುವುದು. ಇವೆರಡನ್ನೂ ಬೆರೆಸಿಕೊಂಡಿರುವುದರಿಂದಲೇ ಗೊಂದಲ ಉಂಟಾಗಿದೆ.

ಓದುವುದು ಜ್ಞಾನದ ಕೆಲಸ. ಚೈನ್ ಕಳಚಿ, ಮೃದುವಾದ ಬ್ರಷ್ ಮತ್ತು ಸೋಪಿನ ನೀರಿನಿಂದ ಕೊಳೆ ತೆಗೆದು, ಬೆಳಕನ್ನು ನೇರವಾಗಿ ಬೀಳಿಸದೆ ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಮಾಯವಾದಂತೆ ಕಂಡ ಅಂಕಿಯ ನೆರಳು ಎಷ್ಟೋ ಬಾರಿ ಗೋಚರಿಸುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಬೆಳಕಿನ ದಿಕ್ಕನ್ನು ಬದಲಿಸುತ್ತಾ ಹಲವು ಛಾಯಾಚಿತ್ರ ತೆಗೆದರೆ ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣಬಹುದು. ಇದಕ್ಕೂ ಮುಂದಿನ ವಿಧಾನವೊಂದನ್ನು ಅಪರಾಧ ಪತ್ತೆಯ ಪ್ರಯೋಗಾಲಯಗಳು ಬಂದೂಕು ಮತ್ತು ವಾಹನಗಳ ಅಳಿಸಿದ ಸಂಖ್ಯೆಗಳಿಗೆ ಬಳಸುತ್ತವೆ. ಲೋಹದ ಮೇಲೆ ಅಂಕಿಯನ್ನು ಅಚ್ಚೊತ್ತಿದಾಗ ಅದರ ಅಡಿಯ ಲೋಹವೂ ಒತ್ತಡಕ್ಕೆ ಸಿಕ್ಕಿ ತನ್ನ ಒಳರಚನೆಯನ್ನು ಬದಲಿಸಿಕೊಂಡಿರುತ್ತದೆ. ಮೇಲಿನ ಅಂಕಿ ಉಜ್ಜಿಹೋದ ನಂತರವೂ ಆ ಬದಲಾವಣೆ ಸ್ವಲ್ಪ ಆಳದವರೆಗೆ ಉಳಿಯುತ್ತದೆ. ಅದರ ಮೇಲೆ ತಕ್ಕ ಆಮ್ಲದ್ರಾವಣವನ್ನು ಸವರಿದರೆ ಒತ್ತಡಕ್ಕೆ ಸಿಕ್ಕ ಭಾಗವು ಉಳಿದ ಭಾಗಕ್ಕಿಂತ ಭಿನ್ನವಾಗಿ ಕರಗಿ, ಅಂಕಿ ಕಣ್ಣಿಗೆ ಬೀಳುತ್ತದೆ. ಒತ್ತದೆ ಕೊರೆದ ಸಂಖ್ಯೆಗಳಲ್ಲಿ ಈ ವಿಧಾನ ಅಷ್ಟಾಗಿ ಫಲಿಸುವುದಿಲ್ಲ. ಜೊತೆಗೆ ಮೇಲ್ಮೈಗೆ ಕಲೆಯೂ ಬೀಳುತ್ತದೆ. ಆದ್ದರಿಂದ ಅದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ.

ಸಂಖ್ಯೆ ಏನು ಮಾಡಿದರೂ ಓದಲಾಗದಿದ್ದರೂ ಬೇರೆ ಕುರುಹುಗಳಿವೆ. 1950ರ ಮತ್ತು 60ರ ದಶಕಗಳ ಅನೇಕ ರೋಲೆಕ್ಸ್‌ಗಳ ಹಿಂಬದಿ ಮುಚ್ಚಳದ ಒಳಭಾಗದಲ್ಲಿ ವರ್ಷ ಮತ್ತು ತ್ರೈಮಾಸಿಕದ ಗುರುತು ಇದೆ. ಮಷೀನ್‌ನ ಮಾದರಿ, ಡಯಲ್‌ನ ಅಕ್ಷರಗಳ ರೂಪ, ಕತ್ತಲಲ್ಲಿ ಹೊಳೆಯಲು ಬಳಸಿದ ವಸ್ತು, ಇವೆಲ್ಲವೂ ಕಾಲವನ್ನು ಸೂಚಿಸುತ್ತವೆ. ಮುಚ್ಚಳದ ಒಳಗೆ ಹಳೆಯ ಗಡಿಯಾರ ದುರಸ್ತಿಗಾರರು ಸೂಜಿಮೊನೆಯಿಂದ ಗೀಚಿದ ದಿನಾಂಕ ಮತ್ತು ಗುರುತುಗಳು ಸಿಗುವುದೂ ಉಂಟು. ಹೀಗೆ ಒಬ್ಬ ಸಾಕ್ಷಿ ಮರೆತರೂ ಉಳಿದ ಸಾಕ್ಷಿಗಳು ಮಾತನಾಡುತ್ತಾರೆ.

ಇನ್ನು ಎರಡನೆಯ ಕೆಲಸ. ಇಲ್ಲಿ ಸವೆದ ಜಾಗಕ್ಕೆ ಲೇಸರ್ ಬೆಸುಗೆಯಿಂದ ಹೊಸ ಲೋಹ ತುಂಬಿಸುತ್ತಾರೆ. ಅದನ್ನು ಸಮಗೊಳಿಸಿ, ಹಳೆಯ ಅಂಕಿಗಳ ರೂಪವನ್ನೇ ಅನುಸರಿಸಿ ಹೊಸದಾಗಿ ಕೆತ್ತುತ್ತಾರೆ. ಕುಶಲ ಕೈಗಳಿಂದ ಆದ ಕೆಲಸವಾದರೆ ಸಾಮಾನ್ಯ ಖರೀದಿದಾರನಿಗೆ ವ್ಯತ್ಯಾಸವೇ ತಿಳಿಯದು. ಅಂಕಿಗಳ ಆಳ, ನಡುವಣ ಅಂತರ, ಅಂಚಿನ ಚೂಪು ಇವುಗಳನ್ನು ಬಲ್ಲ ಪರಿಣತ ಮಾತ್ರ ಸಂದೇಹಪಡಬಲ್ಲ.

ಈ ಕೆಲಸದ ಪರವಾಗಿ ಬಲವಾದ ವಾದವೊಂದಿದೆ, ಅದನ್ನು ನ್ಯಾಯವಾಗಿ ಪರಿಗಣಿಸಬೇಕು. ‘ಗಡಿಯಾರ ನನ್ನದು, ತಂದೆಯಿಂದ ಬಂದುದು. ಕಾಗದದಲ್ಲಿ ಸಂಖ್ಯೆ ಸ್ಪಷ್ಟವಾಗಿದೆ. ನಾನು ಅದೇ ಸಂಖ್ಯೆಯನ್ನು ಅದೇ ಜಾಗದಲ್ಲಿ ಕೆತ್ತಿಸುತ್ತಿದ್ದೇನೆ. ಒಂದಂಕಿಯೂ ಸುಳ್ಳಲ್ಲ. ಸತ್ಯವನ್ನೇ ಮತ್ತೊಮ್ಮೆ ಬರೆದರೆ ವಂಚನೆ ಹೇಗಾಗುತ್ತದೆ?’

ಇದಕ್ಕೆ ಉತ್ತರ ಫಿಕ್‌ಹ್ ಗ್ರಂಥಗಳ ‘ತಸ್ರಿಯಾ’ ಎಂಬ ಅಧ್ಯಾಯದಲ್ಲಿದೆ. ಮಾರುವ ಮುನ್ನ ಒಂಟೆಯ ಅಥವಾ ಆಡಿನ ಹಾಲನ್ನು ಕೆಲವು ದಿನ ಕರೆಯದೆ ಬಿಟ್ಟು, ಕೆಚ್ಚಲು ತುಂಬಿ ಬಿಗಿದಿರುವಂತೆ ತೋರಿಸುವುದಕ್ಕೆ ಆ ಹೆಸರು. ಪ್ರವಾದಿ(ಸ)ರು ಅದನ್ನು ನಿಷೇಧಿಸಿದರು. ಹಾಗೆ ಮೋಸಹೋದ ಖರೀದಿದಾರನಿಗೆ ಪ್ರಾಣಿಯನ್ನು ಇಟ್ಟುಕೊಳ್ಳುವ ಅಥವಾ ಬಳಸಿದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರದೊಂದಿಗೆ ಹಿಂದಿರುಗಿಸುವ ಆಯ್ಕೆಯನ್ನು ನೀಡಿದರು. ಪರಿಹಾರದ ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದ್ದರೂ ಕೃತ್ಯ ತಪ್ಪೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವಿದೆ. ಆ ಪ್ರಾಣಿ ನಕಲಿಯಲ್ಲ. ಕೆಚ್ಚಲಲ್ಲಿದ್ದ ಹಾಲಿಗೆ ನೀರು ಬೆರೆತಿಲ್ಲ. ಅದು ಅದೇ ಪ್ರಾಣಿಯ ಹಾಲು. ಮಾರುವವನು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿಲ್ಲ. ಆದರೂ ಅದು ವಂಚನೆಯಾಯಿತು. ಏಕೆಂದರೆ ಖರೀದಿದಾರನು ತುಂಬಿದ ಕೆಚ್ಚಲನ್ನು ನೋಡಿ ಅದು ಆ ಪ್ರಾಣಿಯ ಸಹಜ ಸ್ಥಿತಿ ಎಂದು ತಿಳಿದ, ಅದಕ್ಕೆ ತಕ್ಕ ಬೆಲೆ ಕೊಟ್ಟ.

ಮರುಕೆತ್ತಿದ ಸಂಖ್ಯೆಯ ಸ್ಥಿತಿಯೂ ಇದುವೇ. ಅಂಕಿಗಳು ನಿಜ, ಗಡಿಯಾರವೂ ನಿಜ. ಆದರೆ ಕೇಸ್‌ನ ಮೇಲಿನ ಸಂಖ್ಯೆ ಅಂಕಿಗಳನ್ನು ತಿಳಿಸುವುದರ ಜೊತೆಗೆ ‘ನನ್ನನ್ನು ಕಾರ್ಖಾನೆಯಲ್ಲಿ ಕೆತ್ತಿದರು, ಅಂದಿನಿಂದ ಇದುವರೆಗೆ ನಾನು ಹೀಗೆಯೇ ಇದ್ದೇನೆ, ಈ ಕೇಸ್ ಹೆಚ್ಚು ಸವೆದಿಲ್ಲ, ಹೆಚ್ಚು ಪಾಲಿಶ್ ಕಂಡಿಲ್ಲ’ ಎಂಬ ಮಾತನ್ನೂ ಹೇಳುತ್ತದೆ. ಖರೀದಿದಾರನು ಹೆಚ್ಚಿನ ಬೆಲೆ ಕೊಡುವುದು ಈ ಮಾತಿಗೆ. ಬೆಸುಗೆ ತುಂಬಿ ಕೆತ್ತಿದ ನಂತರ ಅಂಕಿಗಳು ಸತ್ಯವಾಗಿಯೇ ಉಳಿದರೂ ಈ ಮಾತು ಸುಳ್ಳಾಯಿತು.

ಹದೀಸ್ ಶಾಸ್ತ್ರವನ್ನು ಓದಿದವರಿಗೆ ಇನ್ನೊಂದು ಹೋಲಿಕೆ ಹೊಳೆಯದಿರದು. ವರದಿಗಾರನು ವಿವರಣೆಗಾಗಿ ಸೇರಿಸಿದ ಮಾತು ಮೂಲ ವಚನದೊಂದಿಗೆ ಬೆರೆತುಹೋದರೆ ಅದನ್ನು ‘ಮುದ್ರಜ್’ ಎನ್ನುತ್ತಾರೆ. ಸೇರಿಸಿದ ಮಾತಿನ ಅರ್ಥ ಸರಿಯಾಗಿಯೇ ಇರಬಹುದು. ಆದರೂ ಮುಹದ್ದಿಸರು ಅದನ್ನು ಹುಡುಕಿ ಬೇರ್ಪಡಿಸಿದರು. ಅರ್ಥ ಸರಿಯಿದೆಯೆಂಬ ಕಾರಣಕ್ಕೆ ಒಬ್ಬನ ಮಾತನ್ನು ಇನ್ನೊಬ್ಬನ ಬಾಯಲ್ಲಿ ಇಡಲು ಅವರು ಒಪ್ಪಲಿಲ್ಲ. ಅರಬಿ ಹಸ್ತಪ್ರತಿಗಳನ್ನು ಮುದ್ರಣಕ್ಕೆ ಸಿದ್ಧಪಡಿಸುವ ವಿದ್ವಾಂಸರು ಅಕ್ಷರ ಅಳಿದಲ್ಲಿ ಮೂಲದಲ್ಲಿ ಖಾಲಿಯಿದೆ ಎಂದು ಸೂಚಿಸಿ ಮುಂದುವರಿಯುತ್ತಾರೆ. ಕನ್ನಡದ ಶಾಸನಗಳನ್ನು ಓದಿದವರಿಗೂ ಈ ಶಿಸ್ತು ಪರಿಚಿತ. ಬಿ.ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ತೆರೆದರೆ ಕಲ್ಲಿನ ಅಕ್ಷರ ಸವೆದ ಜಾಗದಲ್ಲಿ ಚುಕ್ಕಿಗಳ ಸಾಲು ಕಾಣಿಸುತ್ತದೆ. ಅಳಿದ ಅಕ್ಷರ ಯಾವುದೆಂದು ವಿದ್ವಾಂಸನಿಗೆ ಖಚಿತವಾಗಿ ತಿಳಿದಿದ್ದರೂ ಆತ ತನ್ನ ಊಹೆಯನ್ನು ಗುರುತು ಹಾಕಿ ಕಾಗದದ ಮೇಲೆ ಬರೆಯುತ್ತಾನೆಯೇ ಹೊರತು ಉಳಿ ಹಿಡಿದು ಕಲ್ಲಿನ ಬಳಿಗೆ ಹೋಗುವುದಿಲ್ಲ. ಗ್ರಂಥಕ್ಕೂ ಕಲ್ಲಿಗೂ ನಾವು ಒಪ್ಪಿರುವ ಈ ನಿಯಮವನ್ನು ಮಾರಾಟದ ವಸ್ತುವಿಗೆ ಬಂದಾಗ ಸಡಿಲಿಸಲು ಕಾರಣವೇನು?

ಕ್ರಮಸಂಖ್ಯೆಯಲ್ಲಿ ಮೂರನೆಯವನ ಹಕ್ಕೂ ಇದೆ ಎಂಬುದನ್ನು ನಾವು ಮರೆಯುತ್ತೇವೆ. ದಾರಿಯಲ್ಲಿ ಸಿಕ್ಕ ವಸ್ತುವಿನ ಕುರಿತು ಪ್ರವಾದಿ(ಸ)ರಲ್ಲಿ ಕೇಳಲಾದಾಗ, ಅದನ್ನು ಇಟ್ಟಿದ್ದ ಚೀಲವನ್ನೂ ಕಟ್ಟಿದ್ದ ದಾರವನ್ನೂ ಚೆನ್ನಾಗಿ ಗುರುತಿಟ್ಟುಕೊಂಡು ಒಂದು ವರ್ಷ ಸಾರುವಂತೆ ಅವರು ಆದೇಶಿಸಿದರು. ಹಣಕ್ಕಿಂತ ಚೀಲ ಮತ್ತು ದಾರ ಅಗ್ಗದ ವಸ್ತುಗಳು. ಆದರೆ ಕಳೆದುಕೊಂಡವನು ಬಂದಾಗ ‘ಇದು ನನ್ನದು’ ಎಂದು ಸಾಬೀತುಪಡಿಸುವುದು ಅವುಗಳಿಂದಲೇ. ಗಡಿಯಾರದ ಕ್ರಮಸಂಖ್ಯೆ ಇಂದಿನ ಆ ದಾರ. ಅದನ್ನು ಮುಟ್ಟುವವನು, ತನಗೆ ಗೊತ್ತಿಲ್ಲದೆಯೇ, ಎಲ್ಲೋ ದೂರದಲ್ಲಿರುವ ನೈಜ ಒಡೆಯನ ಏಕೈಕ ಪುರಾವೆಯನ್ನು ಮುಟ್ಟುತ್ತಿರಬಹುದು. ನನ್ನ ಗಡಿಯಾರ ನನ್ನದೇ ಎಂಬ ಖಾತರಿ ನನಗಿರಬಹುದು. ಆದರೆ ಮರುಕೆತ್ತನೆ ಸಾಮಾನ್ಯವೆಂದು ಮಾರುಕಟ್ಟೆ ಒಪ್ಪಿಕೊಂಡ ದಿನ, ಕಳ್ಳನ ಮರುಕೆತ್ತನೆಯೂ ನನ್ನದರ ನೆರಳಿನಲ್ಲಿ ಸಾಗಿಹೋಗುತ್ತದೆ. ಕೆಡುಕಿಗೆ ಒಯ್ಯುವ ದಾರಿಯನ್ನು ಮೊದಲೇ ಮುಚ್ಚಬೇಕೆಂಬ ಫಿಕ್‌ಹ್‌ನ ತತ್ವ ಇಂತಹ ಸಂದರ್ಭಗಳಿಗಾಗಿಯೇ ಇದೆ.

ನಾಡಿನ ಕಾನೂನು ಕೂಡಾ ಗುರುತಿನ ಸಂಖ್ಯೆಗಳ ವಿಷಯದಲ್ಲಿ ಇದೇ ಎಚ್ಚರವನ್ನು ವಹಿಸಿದೆ. ಮೊಬೈಲ್ ಫೋನಿನ ಐಎಂಇಐ ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿ ಅಳಿಸುವುದು ಅಥವಾ ಬದಲಿಸುವುದನ್ನು ಭಾರತ ಸರಕಾರ 2017ರಲ್ಲಿ ನಿಯಮ ರೂಪಿಸಿ ನಿಷೇಧಿಸಿತು. ವಾಹನದ ಚಾಸಿ ಸಂಖ್ಯೆ ತುಕ್ಕು ಹಿಡಿದು ಹೋದರೆ ಮಾಲಿಕನು ತನಗೆ ಬೇಕಾದಂತೆ ಹೊಡೆಸಿಕೊಳ್ಳುವಂತಿಲ್ಲ. ಸಾರಿಗೆ ಕಚೇರಿಯ ಅನುಮತಿ ಬೇಕು. ಮರುಬರೆಯುವ ಅಗತ್ಯ ಬಿದ್ದಾಗಲೂ ಅದು ಬಹಿರಂಗವಾಗಿ, ದಾಖಲೆಯೊಂದಿಗೆ ನಡೆಯಬೇಕು ಎಂಬುದು ಇದರ ಸಾರ.

ಬಿಡಿಭಾಗಗಳು ಅಸಲಿಯಾಗಿದ್ದರೆ ಸಾಕು ಎಂದು ನಂಬುವವರು ಒಮೆಗಾ ಪ್ರಕರಣವನ್ನು ಗಮನಿಸಬೇಕು. 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1950ರ ದಶಕದ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 30 ಲಕ್ಷಕ್ಕೂ ಹೆಚ್ಚು ಸ್ವಿಸ್ ಫ್ರಾಂಕ್‌ಗಳಿಗೆ ಮಾರಾಟವಾಯಿತು. ಅದು ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಜೋಡಿಸಿ ಸಿದ್ಧಪಡಿಸಿದ್ದೆಂದೂ, ಅದರಲ್ಲಿ ತನ್ನದೇ ಮಾಜಿ ನೌಕರರ ಕೈವಾಡವಿತ್ತೆಂದೂ 2023ರಲ್ಲಿ ಕಂಪೆನಿಯೇ ಹೇಳಬೇಕಾಯಿತು. ಬಿಡಿಬಿಡಿಯಾಗಿ ನೋಡಿದರೆ ಅಸಲಿ ಎನಿಸುವ ಭಾಗಗಳು ಕೂಡಿದಾಗ ಹುಟ್ಟುವ ಕಥೆ ಸುಳ್ಳಾಗಬಹುದು. ಕೊಲ್ಲಿಯ ನಂಟಿರುವ ನಮಗೆ ಹತ್ತಿರದ ಉದಾಹರಣೆಯೂ ಇದೆ. ಒಮಾನಿನ ಸುಲ್ತಾನ್ ಕಾಬೂಸ್ ಅವರು ಉಡುಗೊರೆಯಾಗಿ ಕೊಡುತ್ತಿದ್ದ, ಡಯಲ್‌ನ ಮೇಲೆ ಖಂಜರ್ ಲಾಂಛನವಿರುವ ರೋಲೆಕ್ಸ್‌ಗಳಿಗೆ ಸಂಗ್ರಾಹಕರು ಅಪಾರ ಬೆಲೆ ಕೊಡುತ್ತಾರೆ. ಡಯಲ್ ಮೇಲೆ ಲಾಂಛನವನ್ನು ಯಾರು ಬೇಕಾದರೂ ಅಚ್ಚೊತ್ತಿಸಬಹುದಾದ್ದರಿಂದ ಅಂತಹ ಗಡಿಯಾರದ ಸಾಚಾತನವನ್ನು ಪರಿಶೀಲಿಸುವಾಗ ಕೇಸ್‌ನ ಸಂಖ್ಯೆ ಮತ್ತು ಅದರೊಂದಿಗೆ ಹೊಂದುವ ಕಾಗದಗಳಿಗೆ ಮಹತ್ವ ಬರುತ್ತದೆ. ಆ ಸಂಖ್ಯೆಯನ್ನೇ ನಂಬಲಾಗದಿದ್ದರೆ ಪ್ರಾಮಾಣಿಕನಾದ ವಾರಸುದಾರನಿಗೂ ತನ್ನ ಮಾತನ್ನು ಸಾಬೀತುಪಡಿಸುವ ದಾರಿ ಉಳಿಯದು.

‘ನಾನು ಮಾರುವುದಿಲ್ಲ, ಧರಿಸಲಷ್ಟೇ ಕೆತ್ತಿಸಿಕೊಳ್ಳುತ್ತೇನೆ’ ಎನ್ನುವವರಿದ್ದಾರೆ. ಧರಿಸುವವನಿಗೆ ಚೈನ್‌ನ ಅಡಿಯಲ್ಲಿ ಅಡಗಿರುವ ಸಂಖ್ಯೆ ಸ್ಪಷ್ಟವಾಗಿರಬೇಕಾದ ಅಗತ್ಯವೇನು ಎಂಬುದನ್ನು ಅವರು ತಮ್ಮಲ್ಲೇ ಕೇಳಿಕೊಳ್ಳಬೇಕು. ಮಾತ್ರವಲ್ಲ, ಇಂತಹ ಗಡಿಯಾರಗಳ ಆಯುಸ್ಸು ನಮ್ಮದಕ್ಕಿಂತ ದೀರ್ಘ. ನಾವು ತೀರಿಹೋದ ಮೇಲೆ ನಮ್ಮ ಮಗ ಅದನ್ನು ಏನೂ ಅರಿಯದೆ ಅಸಲಿ ಕೆತ್ತನೆಯೆಂದೇ ಹೇಳಿ ಮಾರುತ್ತಾನೆ. ಅವನು ನಿರ್ದೋಷಿ. ಆದರೆ ಮೋಸಹೋದ ಖರೀದಿದಾರನ ನಷ್ಟಕ್ಕೆ ಬೀಜ ಬಿತ್ತಿದವರು ಯಾರು?

ಹಾಗಾದರೆ ಮಾಡಬೇಕಾದುದೇನು? ಸವೆದ ಸಂಖ್ಯೆಯನ್ನು ಸವೆದಂತೆಯೇ ಬಿಡುವುದು ಅತ್ಯುತ್ತಮ. ಅದನ್ನು ಓದಿಸಿ, ಛಾಯಾಚಿತ್ರ ತೆಗೆಸಿ, ಪರಿಣತನೊಬ್ಬನಿಂದ ‘ಇಂತಿಂತಹ ಅಂಕಿಗಳು ಕಾಣುತ್ತವೆ, ಇಂತಿಂತಹವು ಕಾಣುವುದಿಲ್ಲ’ ಎಂದು ಬರೆಸಿಕೊಂಡು, ಹಳೆಯ ರಶೀದಿಗಳೊಂದಿಗೆ ಇಡಬೇಕು. ಇನ್ನಷ್ಟು ಸವೆಯದಂತೆ ಕಾಪಾಡಲು ಚೈನ್‌ನ ಸಡಿಲ ತುಂಡನ್ನು ಸರಿಪಡಿಸಿ, ಆ ಸಂದನ್ನು ಆಗಾಗ ಶುಚಿಗೊಳಿಸಿ, ಅನಗತ್ಯ ಪಾಲಿಶ್ ನಿಲ್ಲಿಸಿದರೆ ಸಾಕು. ಲೋಹದ ಮೇಲೆಯೇ ಸಂಖ್ಯೆ ಉಳಿಯಬೇಕೆಂಬ ಅಪೇಕ್ಷೆಯಿದ್ದರೆ ಹಳೆಯ ದುರಸ್ತಿಗಾರರ ಪ್ರಾಮಾಣಿಕ ಪದ್ಧತಿಯನ್ನು ಅನುಸರಿಸಬಹುದು. ಮುಚ್ಚಳದ ಒಳಭಾಗದಲ್ಲಿ, ಕಾರ್ಖಾನೆಯ ಅಕ್ಷರವನ್ನು ಅನುಕರಿಸದೆ, ದಿನಾಂಕ ಮತ್ತು ಕೆತ್ತಿದವನ ಗುರುತಿನೊಂದಿಗೆ ಬರೆದರೆ ಅದು ಯಾರನ್ನೂ ದಾರಿ ತಪ್ಪಿಸದು. ಈಗಾಗಲೇ ಮರುಕೆತ್ತಿದ ಗಡಿಯಾರ ಕೈಯಲ್ಲಿದ್ದರೆ ಮಾರುವಾಗ ಅದನ್ನು ಖರೀದಿದಾರನಿಗೆ ಬಾಯಲ್ಲಿ ಹೇಳುವುದರ ಜೊತೆಗೆ ರಶೀದಿಯಲ್ಲಿಯೂ ಬರೆದುಕೊಡಬೇಕು. ಊನವನ್ನು ಮರೆಮಾಚಿದರೆ ಖರೀದಿದಾರನಿಗೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಶರೀಅತ್ ನೀಡಿದೆ ಎಂಬುದನ್ನು ನೆನಪಿನಲ್ಲಿಡಬೇಕು.

ದುರಸ್ತಿಯ ಕಸುಬಿನಲ್ಲಿರುವ ಸಹೋದರರಲ್ಲಿ ಒಂದು ಮಾತು. ಚೀಟಿಯೊಂದರಲ್ಲಿ ಸಂಖ್ಯೆ ಬರೆದು ತಂದು ಇದನ್ನು ಕೆತ್ತಿಕೊಡಿ ಎನ್ನುವವನಿಗೆ ‘ಆಗುವುದಿಲ್ಲ’ ಎಂದು ಹೇಳುವ ಧೈರ್ಯ ಬೇಕು. ಆತನ ಉದ್ದೇಶ ಒಳ್ಳೆಯದಿರಬಹುದು, ಆದರೆ ಅದನ್ನು ಅಳೆಯುವ ಸಾಧನ ನಮ್ಮ ಬಳಿಯಿಲ್ಲ. ಪಾಪದಲ್ಲಿ ಪರಸ್ಪರ ಸಹಕರಿಸಬಾರದೆಂಬ ಕುರ್‌ಆನಿನ ಆದೇಶವು ಕೂಲಿ ಪಡೆದು ಮಾಡುವ ಕೆಲಸಕ್ಕೂ ಅನ್ವಯಿಸುತ್ತದೆ. ಕೂಫಾದ ಬಟ್ಟೆ ವ್ಯಾಪಾರಿಯೂ ಆಗಿದ್ದ ಇಮಾಮ್ ಅಬೂ ಹನೀಫಾ(ರ)ರ ಜೀವನಚರಿತ್ರೆಯಲ್ಲಿ ಬರುವ ಪ್ರಸಂಗ ಪ್ರಸಿದ್ಧವಾದುದು. ಊನವಿದ್ದ ಬಟ್ಟೆಯನ್ನು ಅವರ ಪಾಲುದಾರ ವಿಷಯ ತಿಳಿಸಲು ಮರೆತು ಮಾರಿಬಿಟ್ಟಾಗ, ಕೊಂಡವನ ಪತ್ತೆ ಸಿಗದ ಕಾರಣ ಇಮಾಮರು ಆ ಹಣವನ್ನೆಲ್ಲ ದಾನ ಮಾಡಿದರು. ಅಲ್ಲಿ ನಡೆದುದು ಮರೆವು ಮಾತ್ರ. ಮರೆವಿಗೇ ಅಷ್ಟು ಬೆಲೆ ತೆತ್ತವರ ಪರಂಪರೆ ನಮ್ಮದು.

ಕೊನೆಯದಾಗಿ ಖರೀದಿಸುವವರ ಹೊಣೆ. ಈ ಕೆಡುಕಿಗೆ ಮಾರುವವನನ್ನು ಮಾತ್ರ ದೂರುವುದು ಸರಿಯಲ್ಲ. ಸಂಖ್ಯೆ ಸವೆದಿದೆ ಎಂದು ನೇರವಾಗಿ ಹೇಳುವವನ ಗಡಿಯಾರವನ್ನು ನಾವು ಅನುಮಾನದಿಂದ ನೋಡಿ ಅರ್ಧ ಬೆಲೆಗೆ ಕೇಳುತ್ತೇವೆ. ಮೌನವಾಗಿ ಕೆತ್ತಿಸಿ ತಂದವನಿಗೆ ಪೂರ್ಣ ಬೆಲೆ ಕೊಟ್ಟು ಸಂತೋಷಪಡುತ್ತೇವೆ. ಐವತ್ತು ವರ್ಷ ದುಡಿದ ವಸ್ತು ನಿನ್ನೆ ಮೊನ್ನೆ ಬಂದಂತೆ ಕಾಣಬೇಕೆಂಬ ನಮ್ಮ ಹಟವೇ ಮರುಕೆತ್ತನೆಗೆ ಗಿರಾಕಿಗಳನ್ನು ಸೃಷ್ಟಿಸುತ್ತಿದೆ. ಕಾಗದಪತ್ರ ಸರಿಯಿದ್ದು, ಉಳಿದ ಕುರುಹುಗಳು ಒಂದಕ್ಕೊಂದು ಹೊಂದುತ್ತಿದ್ದು, ಮಾರುವವನು ತಾನಾಗಿಯೇ ಊನವನ್ನು ತೋರಿಸಿದರೆ, ಆತನಿಗೆ ನ್ಯಾಯವಾದ ಬೆಲೆ ಕೊಡುವುದು ಕೊಳ್ಳುವವನ ಧರ್ಮ. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು ಎಲ್ಲವನ್ನೂ ತೆರೆದಿಟ್ಟರೆ ಆ ವ್ಯವಹಾರದಲ್ಲಿ ಬರಕತ್ ಇದೆಯೆಂದೂ, ಮರೆಮಾಚಿದರೆ ಆ ಬರಕತ್ ಅಳಿಸಿಹೋಗುವುದೆಂದೂ ಪ್ರವಾದಿ(ಸ)ರು ಕಲಿಸಿರುವುದು ಇಬ್ಬರನ್ನೂ ಉದ್ದೇಶಿಸಿ.

ನೆನೆದ ಧಾನ್ಯವನ್ನು ಮೇಲಿಟ್ಟು ಮಾರುವವನಿಗೆ ಗಿರಾಕಿ ಸಿಗುವಂತಹ ಮಾರುಕಟ್ಟೆಯನ್ನು ಕಟ್ಟುವುದು ನಮ್ಮೆಲ್ಲರ ಕೆಲಸ. ಅಲ್ಲಾಹನು ನಮ್ಮ ಕೊಡುಕೊಳ್ಳುವಿಕೆಗಳಲ್ಲಿ ಸತ್ಯವನ್ನೂ ಸಂತೃಪ್ತಿಯನ್ನೂ ದಯಪಾಲಿಸಲಿ.